ಕುರನೂರ ಹಿನ್ನೀರಿಗೆ ಬಂದ ಅವೋಸೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕಲಕೋಟ ತಾಲೂಕಿನ ಕುರನೂರ ಡ್ಯಾಮಿನ ಹಿನ್ನೀರಲ್ಲಿ ಜನವರಿಯಲ್ಲಿ ನಾನು ಐದು ಅವೋಸೆಟ್ ಹಕ್ಕಿ ನೋಡಿದೆ. ಸುದ್ದಿ ಹಬ್ಬಿದ ಮೇಲೆ ಶಾಲೆ ಮಕ್ಕಳು, ದಂಡೆಯ ರೈತರು, ಸೊಲ್ಲಾಪುರದಿಂದ ಕ್ಯಾಮೆರಾ ತಂದವರು ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬಂದದ್ದು ಯಾವ ಹಕ್ಕಿ? ನೋಡಲು ಹೇಗಿದೆ?

ಇಂಗ್ಲಿಷಿನಲ್ಲಿ ಪೈಡ್ ಅವೋಸೆಟ್ ಅನ್ನುತ್ತಾರೆ. ಆಳವಿಲ್ಲದ ನೀರಲ್ಲಿ, ಕೆಸರಲ್ಲಿ ನಡೆದಾಡುತ್ತ ಮೇಯುವ ಹಕ್ಕಿ. ಕೊಕ್ಕಿನಿಂದ ಬಾಲದ ತುದಿವರೆಗೆ 42ರಿಂದ 45 ಸೆಂ.ಮೀ. ಉದ್ದ, ತೂಕ ಸುಮಾರು 300 ಗ್ರಾಂ. ಮೈಯೆಲ್ಲ ಹಾಲಿನಂಥ ಬಿಳಿ. ನೆತ್ತಿಯಿಂದ ಹಿಂಗತ್ತಿನವರೆಗೆ ಕಪ್ಪು ಟೋಪಿ ಇಳಿಬಿಟ್ಟ ಹಾಗೆ ಇರುತ್ತದೆ. ಬೆನ್ನಿನ ಮೇಲೆ, ರೆಕ್ಕೆಯ ಮೇಲೆ ಕಪ್ಪು ಪಟ್ಟೆಗಳು. ಕಾಲು ಉದ್ದ, ಬಣ್ಣ ನೀಲಿ ಬೆರೆತ ಬೂದು.

ಆದರೆ ಇವೆಲ್ಲ ಆಮೇಲೆ. ಮೊದಲು ಕಣ್ಣಿಗೆ ಬೀಳುವುದು ಕೊಕ್ಕು. ಗೋಣಿಚೀಲ ಹೊಲಿಯುವ ದಬ್ಬಣ ನೋಡಿದ್ದೀರಲ್ವಾ, ತುದಿ ಬಾಗಿದ್ದು? ಅಂಥದ್ದೇ ಕಪ್ಪು ಕೊಕ್ಕು, ತುದಿ ಮೇಲಕ್ಕೆ ಬಾಗಿರುತ್ತದೆ. ನಮ್ಮ ಕಡೆ ನೀರಲ್ಲಿ ಕಾಣುವ ದೊಡ್ಡ ಹಕ್ಕಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಕೊಕ್ಕು ಮೇಲಕ್ಕೆ ತಿರುಗಿದ್ದು ಬೇರೆ ಯಾವುದೂ ಇಲ್ಲ.

ನೀವು ಅದನ್ನು ಹೇಗೆ ಕಂಡಿರಿ?

ನಿಜ ಹೇಳಬೇಕೆಂದರೆ ನನಗಿಂತ ಮೊದಲು ಕಂಡವರು ಬಲೆ ಹಾಕುವ ಒಬ್ಬ ಅಣ್ಣ. ಟ್ಯೂಬಿನ ಮೇಲೆ ಕೂತು ದಂಡೆಗೆ ಬಂದವರು ನನ್ನನ್ನು ನೋಡಿ ಕೇಳಿದರು: "ಏನ್ ನೋಡ್ಲಾಕತ್ತೀರಿ ಸರ? ಬಾತುಕೋಳಿ ಏನು? ಅಲ್ಲಿ ಆ ಜಾಲಿ ಗಿಡದ ಆಚೆ ಹೋಗ್ರಿ. ನೀರ್ ಕೊಯ್ಯೂ ಹಕ್ಕಿ ಅವ."

ನೀರು ಕೊಯ್ಯುವ ಹಕ್ಕಿ! ಏನೆಂದು ತಿಳಿಯದೆ ಜಾಲಿಯ ಮರೆಯಲ್ಲಿ ಕೂತು ಬೈನಾಕ್ಯುಲರ್ ಏರಿಸಿದೆ. ಐದು ಹಕ್ಕಿ ಒಂದೇ ಸಾಲಿನಲ್ಲಿ ಬರುತ್ತಿದ್ದವು. ನೀರು ಅವುಗಳ ಕಾಲಿನ ಅರ್ಧಕ್ಕಿತ್ತು. ತಲೆ ತಗ್ಗಿಸಿ, ಕೊಕ್ಕನ್ನು ಸ್ವಲ್ಪವೇ ತೆರೆದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತಿದ್ದವು. ಒಂದು ಹೆಜ್ಜೆಗೆ ಒಂದು ಬೀಸು. ಕಣಿಕೆ ಕೊಯ್ಯುವವರು ಸಾಲು ಹಿಡಿದು ಕುಡಗೋಲು ಬೀಸುತ್ತ ಮುಂದೆ ಹೋಗುತ್ತಾರಲ್ಲ, ಥೇಟ್ ಹಾಗೆ. ಪ್ರತಿ ಬೀಸಿಗೂ ನೀರಿನ ಮೇಲೆ ಒಂದು ಸಣ್ಣ ಗೆರೆ ಮೂಡಿ ಅಳಿಸಿಹೋಗುತ್ತಿತ್ತು. ನಡುನಡುವೆ ಒಂದು ಹಕ್ಕಿ ತಲೆ ಎತ್ತಿ ಗಂಟಲು ಕುಲುಕಿ ಏನನ್ನೋ ನುಂಗುತ್ತಿತ್ತು. ಕೊಕ್ಕಿನ ತುದಿಯಿಂದ ಒಂದು ಹನಿ ನೀರು ಬೀಳುವುದೂ ಕಂಡಿತು.

ಹಕ್ಕಿಯ ಹೆಸರು ಪುಸ್ತಕದಲ್ಲಿತ್ತು. ಅದು ಏನು ಮಾಡುತ್ತದೆ ಅನ್ನುವುದು ಆ ಅಣ್ಣನಿಗೆ ಆಗಲೇ ಗೊತ್ತಿತ್ತು.

ಯಾಕೆ ಹಾಗೆ ಕೊಕ್ಕು ಬೀಸುತ್ತದೆ?

ಅದು ಕಣ್ಣಿನಿಂದ ಹುಡುಕುವುದಕ್ಕಿಂತ ಜಾಸ್ತಿ ಕೊಕ್ಕಿನ ಸ್ಪರ್ಶದಿಂದ ಹುಡುಕುತ್ತದೆ. ನೀರಿನ ಹುಳ, ಸಣ್ಣ ಸಿಗಡಿಯಂಥ ಜೀವಿ, ಕೀಟದ ಮರಿಗಳು ಕೊಕ್ಕಿಗೆ ತಾಗಿದ ಕೂಡಲೇ ಹಿಡಿಯುತ್ತದೆ. ಕೊಕ್ಕು ಮೇಲಕ್ಕೆ ಬಾಗಿರುವುದರಿಂದ ತಲೆ ತಗ್ಗಿಸಿದಾಗ ಅದರ ಮುಂಭಾಗ ಕೆಸರಿಗೆ ಸಮನಾಗಿ ಮಲಗುತ್ತದೆ. ನೇರ ಕೊಕ್ಕಾಗಿದ್ದರೆ ತುದಿ ಮಾತ್ರ ಕೆಸರಿಗೆ ಚುಚ್ಚುತ್ತಿತ್ತು. ಎರೆ ಮಣ್ಣು ಕಲಸಿದ ರಾಡಿ ನೀರಲ್ಲೂ ಅದರ ಹೊಟ್ಟೆ ತುಂಬುವುದು ಹೀಗೆ.

ನೀರು ಆಳವಾದರೆ ಈಜುತ್ತದೆ ಕೂಡ. ಮುಂದಿನ ಮೂರು ಬೆರಳುಗಳ ನಡುವೆ ಚರ್ಮದ ಪೊರೆ ಇದೆ. ಬಾತುಕೋಳಿಯ ಹಾಗೆ ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯುವುದೂ ಉಂಟು.

ಅದು ನಮ್ಮ ಮೆಟ್ಟುಗಾಲು ಹಕ್ಕಿಯೇ ಅಲ್ವಾ?

ಅತಿ ಹೆಚ್ಚು ಬಂದ ಪ್ರಶ್ನೆ ಇದು. ಬಂದ ಹತ್ತು ಫೋಟೊಗಳಲ್ಲಿ ಎಂಟು ಮೆಟ್ಟುಗಾಲಿನವೇ ಆಗಿದ್ದವು. ಮರಾಠಿಯವರು ಶೇಕಾಟ್ಯಾ ಅನ್ನುವುದು ಇದಕ್ಕೇ. ಎರಡೂ ಒಂದೇ ಕುಟುಂಬದವು, ಎರಡೂ ಕಪ್ಪು ಬಿಳುಪು, ಎರಡೂ ಉದ್ದಗಾಲಿನವು. ತಪ್ಪಾಗುವುದು ಸಹಜ.

ಮೊದಲು ಕಾಲು ನೋಡಿ. ಮೆಟ್ಟುಗಾಲಿನ ಕಾಲು ಕೆಂಪು-ಗುಲಾಬಿ, ದೂರದಿಂದಲೇ ಹೊಳೆಯುತ್ತದೆ. ಅವೋಸೆಟ್ ಕಾಲು ಮಂಕು ನೀಲಿ. ಆಮೇಲೆ ಬೆನ್ನು. ಮೆಟ್ಟುಗಾಲಿನ ಬೆನ್ನು ಮತ್ತು ಮಡಿಸಿದ ರೆಕ್ಕೆ ಒಂದೇ ಸಮನೆ ಕಪ್ಪು. ಅವೋಸೆಟ್ ಬೆನ್ನು ಬಿಳಿ, ಅದರ ಮೇಲೆ ಪಟ್ಟೆ. ಕೊಕ್ಕು ಮೆಟ್ಟುಗಾಲಿನದು ನೇರ.

ಹಾರುವಾಗ ಇನ್ನೂ ಸುಲಭ. ಮೆಟ್ಟುಗಾಲಿನ ರೆಕ್ಕೆಯ ಅಡಿಭಾಗ ಕಪ್ಪು. ಅವೋಸೆಟ್ ಅಡಿಯಿಂದ ನೋಡಿದರೆ ಪೂರ್ತಿ ಬಿಳಿ, ರೆಕ್ಕೆಯ ತುದಿ ಮಾತ್ರ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪು.

ಎದುರು ಬಿಸಿಲಿದ್ದರೆ ಯಾವ ಬಣ್ಣವೂ ನಂಬಿಕೆಗೆ ಬರುವುದಿಲ್ಲ. ಆಗ ನಡೆಯ ಕಡೆ ಗಮನ ಕೊಡಿ. ಮೆಟ್ಟುಗಾಲು ಸಾಮಾನ್ಯವಾಗಿ ಕೋಳಿ ಕಾಳು ಹೆಕ್ಕಿದ ಹಾಗೆ ಅಲ್ಲೊಂದು ಇಲ್ಲೊಂದು ಕುಕ್ಕುತ್ತದೆ. ಅವೋಸೆಟ್ ಬೀಸುತ್ತದೆ.

ಮತ್ತೆ ಯಾವುದರ ಜೊತೆ ತಪ್ಪಾಗಬಹುದು?

ಗ್ರೀನ್‌ಶ್ಯಾಂಕ್ ಅನ್ನುವ ಗೊರವದ ಕೊಕ್ಕೂ ಒಂಚೂರು ಮೇಲಕ್ಕಿದೆ. ಆದರೆ ಅದರ ಮೈ ಬೂದು, ಕಾಲು ಹಸಿರು. ಟೆರೆಕ್ ಸ್ಯಾಂಡ್‌ಪೈಪರ್ ಕೊಕ್ಕು ಕೂಡ ಮೇಲಕ್ಕೇ ಬಾಗಿದ್ದು, ಆದರೆ ಅದು ಅವೋಸೆಟ್‌ನ ಅರ್ಧದಷ್ಟು, ಹೆಚ್ಚಾಗಿ ಕರಾವಳಿಯಲ್ಲಿ ಸಿಗುವಂಥದ್ದು. ಕಪ್ಪು ತಲೆಯ ಬಿಳಿ ಕೆಂಬರಲು ಮೈಯಲ್ಲಿ ಬಹಳ ದೊಡ್ಡದು, ಕೊಕ್ಕು ಕೆಳಕ್ಕೆ ಬಾಗಿದೆ.

ಮೈಮೇಲಿನ ಕಪ್ಪಿನ ಜಾಗದಲ್ಲಿ ಕಂದು ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ. ಅದು ಎಳೆಯ ಅವೋಸೆಟ್.

ಎಲ್ಲಿಂದ ಬರುತ್ತದೆ?

ಯುರೋಪಿನಿಂದ ಮಧ್ಯ ಏಷ್ಯಾದವರೆಗೂ ಅವೋಸೆಟ್‌ಗಳು ಮರಿ ಮಾಡುತ್ತವೆ. ಚಳಿ ಬಿದ್ದಾಗ ಬಹಳಷ್ಟು ದಕ್ಷಿಣಕ್ಕೆ ಬರುತ್ತವೆ. ನಮ್ಮ ದೇಶದೊಳಗೂ ಕಛ್‌ನ ರಣದಲ್ಲಿ ಗೂಡು ಮಾಡುತ್ತವೆ. ಹಾಗಾಗಿ ನಮ್ಮ ಐದು ಹಕ್ಕಿ ಕಜಕಿಸ್ತಾನದ ಕಡೆಯವೋ, ಗುಜರಾತಿನವೋ ಎಂದು ಸುಮ್ನೆ ನೋಡಿ ಹೇಳಲು ಬರುವುದಿಲ್ಲ. ಕಾಲಿಗೆ ಉಂಗುರ ಇದ್ದರೆ ಗೊತ್ತಾಗುತ್ತದೆ. ನಾನು ಹತ್ತೂ ಕಾಲುಗಳನ್ನು ಒಂದೊಂದಾಗಿ ನೋಡಿದೆ, ಉಂಗುರ ಇರಲಿಲ್ಲ. ನೀವೂ ಫೋಟೊ ತೆಗೆದರೆ ಕಾಲು ಕಾಣುವ ಹಾಗೆ ಒಂದು ತೆಗೆಯಿರಿ.

ಇದು ಅಳಿವಿನ ಅಂಚಿನ ಹಕ್ಕಿಯಾ?

ಅಲ್ಲ. ಜಗತ್ತಿನ ಲೆಕ್ಕದಲ್ಲಿ ಅದಕ್ಕೆ ಸದ್ಯ ಅಪಾಯವಿಲ್ಲ. ಗುಜರಾತಿನ ಉಪ್ಪುನೀರಿನ ಕಡೆ ದೊಡ್ಡ ಹಿಂಡುಗಳೇ ಇರುತ್ತವೆ. ನಮ್ಮ ಒಳನಾಡಿನ ಕೆರೆ, ಡ್ಯಾಮುಗಳಲ್ಲಿ ಮಾತ್ರ ಅಪರೂಪ. ಬಂದರೂ ನಾಲ್ಕೈದು, ಅದೂ ಕೆಲವೇ ದಿನ.

ಡ್ಯಾಮ್ ತುಂಬಿದ ವರ್ಷ ಹಕ್ಕಿ ಜಾಸ್ತಿ ಬರಬೇಕಲ್ಲ? ನೀರಿಳಿದ ಮೇಲೆ ಯಾಕೆ ಬಂತು?

ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ. ನಾವೆಲ್ಲ ಡ್ಯಾಮ್ ಅಂದರೆ ನೀರು ನೋಡುತ್ತೇವೆ. ಈ ಹಕ್ಕಿ ನೋಡುವುದು ಕೆಸರನ್ನು.

ಬೋರಿ ನದಿ ನಳದುರ್ಗದ ಕೋಟೆ ದಾಟಿ ಕುರನೂರಿಗೆ ಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಡ್ಯಾಮ್ ತುಂಬಿದ್ದರೆ ನೀರು ಜಾಲಿ ಗಿಡದ ಬುಡಕ್ಕೇ ಬಂದಿರುತ್ತದೆ. ಆಗ ದಂಡೆಯಲ್ಲೇ ಆಳ. ಬಾತುಕೋಳಿಗೆ, ನೀರುಕಾಗೆಗೆ ಅದು ಸರಿ. ಕಾಲಿನ ಮೇಲೆ ನಿಂತು ಮೇಯುವ ಹಕ್ಕಿಗೆ ಅಲ್ಲಿ ನಿಲ್ಲಲು ಜಾಗವೇ ಇಲ್ಲ. ನವೆಂಬರ್‌ನಿಂದ ಹಿಂಗಾರಿ ಜೋಳಕ್ಕೆ, ಕಬ್ಬಿಗೆ ನೀರು ಹೋಗುತ್ತ ಹೋದಂತೆ ಮಟ್ಟ ಇಳಿಯುತ್ತದೆ. ದಿನಕ್ಕಿಷ್ಟು ಅಂತ ಹೊಸ ಕೆಸರು ತೆರೆದುಕೊಳ್ಳುತ್ತದೆ. ನಾಲ್ಕು ತಿಂಗಳು ನೀರಡಿ ಇದ್ದ ಆ ಮಣ್ಣಿನಲ್ಲಿ ಹುಳ ತುಂಬಿರುತ್ತವೆ. ಆ ತೆಳು ನೀರು ಮತ್ತು ಒದ್ದೆ ಕೆಸರಿನ ಪಟ್ಟಿ ಇದೆಯಲ್ಲ, ಕೆಲವು ಕಡೆ ಹತ್ತು ಹೆಜ್ಜೆ ಅಗಲ, ಕೆಲವು ಕಡೆ ನೂರು ಹೆಜ್ಜೆ, ಅದೇ ಇವುಗಳ ಊಟದ ಎಲೆ. ಎರಡು ವಾರ ಬಿಟ್ಟು ಹೋದರೆ ಆ ಪಟ್ಟಿ ಒಣಗಿ ಬಿರುಕು ಬಿಟ್ಟಿರುತ್ತದೆ. ಹೊಸ ಪಟ್ಟಿ ಇನ್ನೂ ಒಳಗೆ ಸರಿದಿರುತ್ತದೆ. ಹಕ್ಕಿಯೂ ಅದರ ಹಿಂದೆ ಸರಿಯುತ್ತದೆ.

ಇದಕ್ಕೆ ದೂರದ ಊರಿನದೊಂದು ಸಾಕ್ಷಿ ಇದೆ. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಅವೋಸೆಟ್ ಗೂಡು ಮಾಡುವುದೇ ನಿಂತುಹೋಗಿತ್ತು. ಜೌಗು ಒಣಗಿಸಿ ಹೊಲ ಮಾಡಿದರು, ಮೊಟ್ಟೆ ಕದ್ದರು, ಗುಂಡು ಹೊಡೆದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಇಳಿಯಬಾರದೆಂದು ಸಫೊಕ್ ಕರಾವಳಿಯ ಮಿನ್ಸ್‌ಮಿಯರ್ ಎಂಬಲ್ಲಿ ತಗ್ಗು ಭೂಮಿಗೆ ನೀರು ಬಿಟ್ಟರು. ಯುದ್ಧ ಮುಗಿಯಿತು, ತೆಳು ನೀರು ಉಳಿಯಿತು. 1947ರಲ್ಲಿ ಅವೋಸೆಟ್ ವಾಪಸ್ ಬಂದು ಗೂಡು ಮಾಡಿತು. ಯಾರೂ ಕರೆದಿರಲಿಲ್ಲ. ಅಲ್ಲಿನ ಪಕ್ಷಿ ಸಂರಕ್ಷಣೆಯ ದೊಡ್ಡ ಸಂಸ್ಥೆ ಆರ್‌ಎಸ್‌ಪಿಬಿಯ ಲಾಂಛನ ಇವತ್ತಿಗೂ ಇದೇ ಹಕ್ಕಿ.

ಹಾಗಾದರೆ ಗಾಳಪೇರ್, ಅಂದರೆ ನೀರಿಳಿದ ನೆಲದ ಬೇಸಾಯ ನಿಲ್ಲಿಸಬೇಕು ಅನ್ನುತ್ತೀರಾ?

ಇಲ್ಲ, ಹಾಗೆ ಹೇಳುವ ಮನಸ್ಸು ನನಗಿಲ್ಲ. ನೀರಿಳಿದ ಹೂಳು ನೆಲದಲ್ಲಿ ಜೋಳ, ಕಡಲೆ ಬಿತ್ತಿ ಬದುಕುವ ಕುಟುಂಬಗಳಿವೆ. ಬಿತ್ತನೆ ಆಗುವುದು ನೆಲ ಗಟ್ಟಿಯಾದ ಮೇಲೆ. ಹಕ್ಕಿಗೆ ಬೇಕಾದದ್ದು ಇನ್ನೂ ಒದ್ದೆ ಇರುವ ಅಂಚು. ಇವೆರಡೂ ಒಂದೇ ಜಾಗವಲ್ಲ. ಒಬ್ಬರು ಕಾಕಾ ನೇಗಿಲು ಹೊಡೆಯುತ್ತಿರುವಾಗ ಐವತ್ತು ಹೆಜ್ಜೆ ಆಚೆ ಮೆಟ್ಟುಗಾಲುಗಳು ಆರಾಮಾಗಿ ಮೇಯುವುದನ್ನು ನೋಡಿದ್ದೇನೆ.

ಕೆಡುವುದು ಬೇರೆ ಕಾರಣಕ್ಕೆ. ಒದ್ದೆ ಅಂಚಿನವರೆಗೂ ಮುರುಮು ಸುರಿದು ರಸ್ತೆ ಮಾಡುವುದು. ದಂಡೆಯಲ್ಲಿ ಟ್ರ್ಯಾಕ್ಟರ್ ತೊಳೆದು ಎಣ್ಣೆ ಬಿಡುವುದು. ಹರಿದ ನೈಲಾನ್ ಬಲೆಯನ್ನು ಅಲ್ಲೇ ಎಸೆದು ಹೋಗುವುದು. ಬಲೆಯ ತುಂಡು ಕಾಲಿಗೆ ಸುತ್ತಿಕೊಂಡ ಒಂದು ಗೊರವ ಕುಂಟುತ್ತ ಮೇಯುವುದನ್ನು ಎರಡು ದಿನ ನೋಡಿದೆ, ಮೂರನೇ ದಿನ ಕಾಣಲಿಲ್ಲ. ಈಗ ಹೋದಾಗಲೆಲ್ಲ ಒಂದು ಚೀಲ ಒಯ್ದು ಸಿಕ್ಕಷ್ಟು ಬಲೆ ತುಂಡು ಆರಿಸಿಕೊಂಡು ಬರುತ್ತೇನೆ. ನೀವೂ ಒಯ್ಯಿರಿ.

ಮೀನಿಗೆ, ಬೆಳೆಗೆ ಇದರಿಂದ ತೊಂದರೆ ಇದೆಯಾ?

ಇಲ್ಲ. ಕಾಳು ತಿನ್ನುವ ಹಕ್ಕಿ ಅಲ್ಲ. ದೊಡ್ಡ ಮೀನು ಆ ಕೊಕ್ಕಿಗೆ ಹಿಡಿಯುವುದೂ ಇಲ್ಲ.

ನೋಡಲು ಯಾವಾಗ, ಎಲ್ಲಿ ನಿಲ್ಲಬೇಕು?

ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಬಿಸಿಲು ನಿಮ್ಮ ಬೆನ್ನಿಗಿರಬೇಕು. ಅಂದರೆ ಬೆಳಿಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆ. ಹತ್ತು ಗಂಟೆ ದಾಟಿದರೆ ಕೆಸರಿನ ಮೇಲಿನ ಗಾಳಿ ಕಾದು ಅಲುಗುತ್ತದೆ, ದೂರದ ಹಕ್ಕಿಯ ಕೊಕ್ಕು ನೇರವೋ ಬಾಗಿದ್ದೋ ತಿಳಿಯುವುದಿಲ್ಲ.

ಹೋದ ಕೂಡಲೇ ಓಡಾಡಬೇಡಿ. ಒಂದು ಗಿಡದ ನೆರಳು ಹಿಡಿದು ಅರ್ಧ ತಾಸು ಕೂತುಕೊಳ್ಳಿ. ಹಕ್ಕಿಗಳು ನಿಮ್ಮನ್ನು ಒಮ್ಮೆ ಲೆಕ್ಕಕ್ಕೆ ತಗೊಂಡು ಆಮೇಲೆ ಮರೆಯುತ್ತವೆ. ಆಗ ಶುರುವಾಗುತ್ತದೆ ನಿಜವಾದ ನೋಟ.

ಒಂದು ಎಚ್ಚರಿಕೆ. ಎರೆ ಮಣ್ಣಿನ ಕೆಸರು ಮೇಲೆ ಒಣಗಿ ಕಂಡರೂ ಒಳಗೆ ಹಸಿ ಇರುತ್ತದೆ. ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದವರು ದನ ನಡೆದ ಹಾದಿ ಬಿಟ್ಟು ಇಳಿಯಲೇಬೇಡಿ.

ಬೈನಾಕ್ಯುಲರ್ ಬೇಕೇ ಬೇಕಾ?

ಇದ್ದರೆ ಒಳ್ಳೆಯದು. 8×42 ಅನ್ನುವ ಅಳತೆಯದು ಸಾಕು. 20 ಪಟ್ಟು ಅಂತ ಹೇಳಿ ಜಾತ್ರೆಯಲ್ಲಿ ಮಾರುವುದನ್ನು ಕೊಳ್ಳಬೇಡಿ, ಕೈ ನಡುಗಿದರೆ ಅದರಲ್ಲಿ ಏನೂ ನಿಲ್ಲುವುದಿಲ್ಲ. ಇಲ್ಲದಿದ್ದರೂ ಬನ್ನಿ. ಬೀಸುವ ನಡೆ ಬರಿಗಣ್ಣಿಗೂ ಕಾಣುತ್ತದೆ.

ಫೋಟೊಗೆ ಎಷ್ಟು ಹತ್ತಿರ ಹೋಗಬಹುದು?

ಹಕ್ಕಿ ಮೇಯುವುದು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿತು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ. ಅಲ್ಲೇ ನಿಲ್ಲಿ, ಎರಡು ಹೆಜ್ಜೆ ಹಿಂದೆ ಬನ್ನಿ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಎರಡನೇ ದಿನ ಬೆಳಿಗ್ಗೆ ಕೊಕ್ಕಿನ ಬಾಗು ಚೆನ್ನಾಗಿ ಬರಲಿ ಎಂಬ ಆಸೆಗೆ ಬಗ್ಗಿಕೊಂಡು ಮುಂದೆ ಮುಂದೆ ಹೋದೆ. ಐದರಲ್ಲಿ ಒಂದು ತಲೆ ಎತ್ತಿತು. ನಾನು ನಿಲ್ಲಲಿಲ್ಲ. ಕ್ಲೂಟ್ ಕ್ಲೂಟ್ ಎಂದು ಕೂಗಿ ಐದೂ ಎದ್ದವು. ನೀರಿನ ಮೇಲೆ ಒಂದು ಸುತ್ತು ಹೊಡೆದು ಆಚೆ ದಂಡೆಗೆ ಹೋದವು. ಅಲ್ಲಿ ನಾಯಿಗಳಿದ್ದವು, ಮತ್ತೆ ಎದ್ದವು. ಆ ದಿನವೆಲ್ಲ ಅವು ಈ ಕಡೆ ಬರಲಿಲ್ಲ. ಸಾವಿರಾರು ಕಿಲೋಮೀಟರ್ ಹಾರಿ ಬಂದಿರಬಹುದಾದ ಜೀವಕ್ಕೆ ಬೆಳಗಿನ ಊಟ ತಪ್ಪಿಸಿದೆ ಎಂಬ ಬೇಸರ ಇನ್ನೂ ಇದೆ. ನನ್ನ ಹತ್ತಿರ ಇರುವ ಒಳ್ಳೆಯ ಫೋಟೊ ಮೊದಲ ದಿನ ಜಾಲಿಯ ಮರೆಯಲ್ಲಿ ಕೂತು ತೆಗೆದದ್ದೇ.

ಡ್ರೋನ್ ಬೇಡ. ಕಲ್ಲೆಸೆದು ಹಾರಿಸುವುದಂತೂ ಬೇಡವೇ ಬೇಡ. ಕಾಡುಪ್ರಾಣಿ, ಪಕ್ಷಿಗಳ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆ ಇದೆ.

ನಾನೂ ನೋಡಿದೆ ಅನಿಸುತ್ತದೆ. ಏನು ಮಾಡಲಿ?

ಮೊದಲು ಪುಸ್ತಕ ತೆರೆಯಬೇಡಿ. ಚೀಟಿಯಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ, ಎಷ್ಟು ಹಕ್ಕಿ, ಬಿಸಿಲು ಯಾವ ಕಡೆ, ಕಾಲಿನ ಬಣ್ಣ, ಕೊಕ್ಕಿನ ಆಕಾರ, ಏನು ಮಾಡುತ್ತಿತ್ತು. ಒಂದು ಗೀಟು ಚಿತ್ರ ಹಾಕಿ, ಚೆಂದ ಬರಬೇಕಿಲ್ಲ. ಮೊದಲೇ ಪುಸ್ತಕ ನೋಡಿದರೆ ಕಣ್ಣು ಕಂಡದ್ದನ್ನು ಮನಸ್ಸು ತಿದ್ದಿಬಿಡುತ್ತದೆ. ಕಂಡಿರದ ಪಟ್ಟೆಯೂ ಕಂಡ ಹಾಗೆ ಆಗುತ್ತದೆ.

ಆಮೇಲೆ ಹಕ್ಕಿ ನೋಟಗಳನ್ನು ದಾಖಲಿಸುವ ಜಾಲತಾಣ ಈ-ಬರ್ಡ್‌ನಲ್ಲಿ ದಾಖಲಿಸಿ, ಮೊಬೈಲ್‌ನಲ್ಲೇ ಆಗುತ್ತದೆ, ಹಣ ಬೇಡ. ಆ ಜಾಗಕ್ಕೆ ಅಪರೂಪದ ಹಕ್ಕಿ ಆದರೆ ಹೆಚ್ಚಿನ ವಿವರ ಕೇಳುತ್ತದೆ, ಒಬ್ಬ ಪರಿಶೀಲಕರು ನೋಡುತ್ತಾರೆ. ಅವರು ಪ್ರಶ್ನೆ ಕೇಳಿದರೆ ನಿಮ್ಮನ್ನು ನಂಬಲಿಲ್ಲ ಎಂದಲ್ಲ. ಚೀಟಿಯಲ್ಲಿ ಬರೆದದ್ದನ್ನು ಹಾಗೇ ಕಳಿಸಿ. ಪಕ್ಕಾ ಆಗದಿದ್ದರೆ "ಖಚಿತವಿಲ್ಲ" ಎಂದೇ ಬರೆಯಿರಿ. ಪ್ರತಿ ಜನವರಿಯಲ್ಲಿ ಏಷ್ಯಾ ಮಟ್ಟದ ನೀರುಹಕ್ಕಿ ಗಣತಿಯೂ ನಡೆಯುತ್ತದೆ. ನಿಮ್ಮ ಊರ ಕೆರೆಯನ್ನು ಎಣಿಸುವವರು ಯಾರೂ ಇಲ್ಲದಿದ್ದರೆ ನೀವೇ ಎಣಿಸಿ. ಹಕ್ಕಿ ಬರಲಿಲ್ಲ ಅನ್ನುವುದೂ ದಾಖಲೆಯೇ.

ದಂಡೆಯಲ್ಲಿ ಮೊಟ್ಟೆ ಕಂಡೆ. ಅವೋಸೆಟ್‌ದಾ?

ನಮ್ಮಲ್ಲಿ ಆ ಸಂಭವ ತೀರಾ ಕಡಿಮೆ. ಬೇಸಿಗೆಯಲ್ಲಿ ದಂಡೆಯ ಬರಿ ನೆಲದಲ್ಲಿ ಮೊಟ್ಟೆ ಇಡುವುದು ಟಿಟ್ಟಿಭ, ಮೆಟ್ಟುಗಾಲು, ಸಣ್ಣ ಗೊರವಗಳು. ಯಾವುದೇ ಆಗಲಿ ಮುಟ್ಟಬೇಡಿ, ಅಲ್ಲಿ ನಿಲ್ಲಲೂ ಬೇಡಿ. ನೀವು ನಿಂತಷ್ಟು ಹೊತ್ತು ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ.

ಸೊಲ್ಲಾಪುರ ಸುತ್ತ ಬೇರೆ ಎಲ್ಲಿ ನೋಡಬಹುದು?

ಭೀಮಾ ನದಿಗೆ ಕಟ್ಟಿದ ಉಜನಿ ಡ್ಯಾಮಿನ ಹಿನ್ನೀರು ಎಲ್ಲಕ್ಕಿಂತ ದೊಡ್ಡದು. ಭಿಗವಣ ಕಡೆ ರಾಜಹಂಸ ನೋಡಲು ಜನ ದೂರದಿಂದ ಬರುತ್ತಾರೆ. ರಾಜಹಂಸದ ಮೇಲೇ ಕಣ್ಣಿಡದೆ ಅವುಗಳ ಕಾಲ ಬುಡದ ಸಣ್ಣ ಹಕ್ಕಿಗಳನ್ನೂ ನೋಡಿ. ಸೊಲ್ಲಾಪುರ ಹತ್ತಿರ ಎಕ್ರುಖ್ ಕೆರೆ, ಹೊಟಗಿ ಕೆರೆ ಇವೆ. ಊರ ನಡುವಿನ ಸಿದ್ಧೇಶ್ವರ ಕೆರೆ ಸೊನ್ನಲಿಗೆಯ ಸಿದ್ಧರಾಮ 12ನೇ ಶತಮಾನದಲ್ಲಿ ಕಟ್ಟಿಸಿದ್ದೆಂದು ನಾವು ನಂಬಿದ ಕೆರೆ. ಅಲ್ಲಿ ಕಲ್ಲಿನ ದಂಡೆ ಇರುವುದರಿಂದ ಕೆಸರು ಹಕ್ಕಿ ಕಡಿಮೆ, ಆದರೆ ಮಕ್ಕಳಿಗೆ ಮೊದಲ ಪಾಠಕ್ಕೆ ಒಳ್ಳೆಯ ಜಾಗ.

ಕನ್ನಡದಲ್ಲಿ ಏನೆಂದು ಕರೆಯೋಣ?

ನಾನು ಆ ಬಲೆ ಹಾಕುವ ಅಣ್ಣನ ಹೆಸರನ್ನೇ ಇಟ್ಟುಕೊಂಡಿದ್ದೇನೆ: ನೀರು ಕೊಯ್ಯುವ ಹಕ್ಕಿ. ಶಾಲೆ ಮಕ್ಕಳಿಗೆ ಈ ಹೆಸರು ಹೇಳಿದ ಕೂಡಲೇ ಕೈ ಬೀಸಿ ತೋರಿಸಿದರು. ಅವೋಸೆಟ್ ಎಂದಾಗ ಯಾರೂ ಕೈ ಎತ್ತಿರಲಿಲ್ಲ.

ಈಗ ಹೋದರೆ ಸಿಗುತ್ತಾ?

ಆ ಐದು ಒಂಬತ್ತು ದಿನ ಇದ್ದವು. ಹತ್ತನೇ ಬೆಳಿಗ್ಗೆ ಹೋದಾಗ ಇರಲಿಲ್ಲ. ದನದ ಹಾದಿಯ ಪಕ್ಕದಲ್ಲೇ ಒದ್ದೆ ಕೆಸರಲ್ಲಿ ಹೆಜ್ಜೆ ಗುರುತು ಉಳಿದಿತ್ತು. ಮೂರು ಬೆರಳು, ಬೆರಳ ನಡುವೆ ಪೊರೆಯ ಗೆರೆ. ಪಕ್ಕದಲ್ಲಿ ಮೆಟ್ಟುಗಾಲಿನ ಹೆಜ್ಜೆಯೂ ಇತ್ತು, ಅದರಲ್ಲಿ ಆ ಗೆರೆ ಇರಲಿಲ್ಲ. ನೀವು ಹೋದಾಗ ಹಕ್ಕಿ ಕಾಣದಿದ್ದರೆ ಕೆಸರು ನೋಡಿ. ಗುರುತು ಹೊಸದಾಗಿದ್ದರೆ ಮರುದಿನ ಬೆಳಿಗ್ಗೆ ಮತ್ತೆ ಬನ್ನಿ.